ಖಾಲಿ ಬಿಟ್ಟ ಜಾಗಕ್ಕೂ ಬೆಲೆ ಇದೆಯೇ? ಜಾಹೀರಾತಿನ ಪುಟವಿನ್ಯಾಸ ಮತ್ತು ಬ್ರ್ಯಾಂಡಿನ ವರ್ಚಸ್ಸು

ಅಧ್ಯಾಪಕಿ, ಮೈಸೂರು

ಜಾಹೀರಾತಿನ ವಿಷಯ ಪಾಠ ಮಾಡುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆಯೊಂದನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಆಷಾಢದಲ್ಲಿ ಬಟ್ಟೆ ಅಂಗಡಿಗಳು ಕೊಡುವ ಪೂರ್ಣಪುಟದ ಜಾಹೀರಾತನ್ನು ನೋಡಿ. ಒಂದಂಗುಲ ಜಾಗವೂ ಖಾಲಿ ಇರುವುದಿಲ್ಲ. ಹತ್ತಾರು ಸೀರೆಗಳು, ಒಂದೊಂದರ ಪಕ್ಕದಲ್ಲೂ ಬೆಲೆ, ಹಳದಿ ನಕ್ಷತ್ರದೊಳಗೆ ಕೆಂಪು ಅಕ್ಷರದ ರಿಯಾಯಿತಿ, ಕೆಳಗೆ ಎಲ್ಲ ಶಾಖೆಗಳ ವಿಳಾಸ. ಶ್ರಾವಣ ಕಾಲಿಟ್ಟ ಮೇಲೆ ಅದೇ ಪತ್ರಿಕೆಯ ಅದೇ ಪುಟದಲ್ಲಿ ಆಭರಣ ಮಳಿಗೆಯೊಂದರ ಜಾಹೀರಾತು ಬರುತ್ತದೆ. ಕಡುಬಣ್ಣದ ಹಿನ್ನೆಲೆ, ನಡುವೆ ಒಂದೇ ಒಂದು ಹಾರ, ಮೂಲೆಯಲ್ಲಿ ಪುಟ್ಟದಾಗಿ ಮಳಿಗೆಯ ಹೆಸರು, ಅಷ್ಟೆ. ಎರಡನ್ನೂ ತುಸು ದೂರದಿಂದ, ಅಕ್ಷರ ಓದಲಾಗದಂತೆ ಹಿಡಿದು ತೋರಿಸಿದರೂ ಯಾವುದು ದುಬಾರಿ ಅಂಗಡಿ ಎಂಬುದನ್ನು ವಿದ್ಯಾರ್ಥಿಗಳು ತಟ್ಟನೆ ಹೇಳಿಬಿಡುತ್ತಾರೆ.

ವಿನ್ಯಾಸದ ಪಠ್ಯಗಳು ಸಾಮಾನ್ಯವಾಗಿ ಮೊದಲನೆಯದನ್ನು ಕೆಟ್ಟ ವಿನ್ಯಾಸವೆಂದೂ ಎರಡನೆಯದನ್ನು ಒಳ್ಳೆಯ ವಿನ್ಯಾಸವೆಂದೂ ವಿಂಗಡಿಸುತ್ತವೆ. ಈ ವಿಂಗಡಣೆಯನ್ನು ಒಪ್ಪಲು ನನಗೆ ಮನಸ್ಸಾಗುವುದಿಲ್ಲ. ಕಾಸಿಗೆ ಕಾಸು ಲೆಕ್ಕ ಹಾಕುವ ವ್ಯಾಪಾರಿಗಳು ವರ್ಷವರ್ಷವೂ ಹಣ ತೆತ್ತು ಅದನ್ನೇ ಅಚ್ಚು ಹಾಕಿಸುತ್ತಾರೆಂದರೆ ಆ ಒತ್ತೊತ್ತಾದ ಪುಟವೂ ಏನನ್ನೋ ಸರಿಯಾಗಿಯೇ ಹೇಳುತ್ತಿರಬೇಕು. ಅದು ಏನು? ಖಾಲಿ ಜಾಗಕ್ಕೆ ಪ್ರತಿಷ್ಠೆಯ ಅರ್ಥ ಬಂದದ್ದಾದರೂ ಎಲ್ಲಿಂದ?

ಪುಟವಿನ್ಯಾಸಕ, ಬೆಂಗಳೂರು

ಮೇಡಂ, ನಿಮ್ಮ ಎರಡನೆಯ ಪ್ರಶ್ನೆಗೆ ಒಂದು ನೇರ ಉತ್ತರವಿದೆ. ಪತ್ರಿಕೆಯಲ್ಲಿ ಜಾಗವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಮಾರುತ್ತಾರೆ. ಅದರಲ್ಲಿ ಅಕ್ಷರ ತುಂಬಿದರೂ ಬಿಟ್ಟರೂ ದರ ಒಂದೇ. ಹಾಗಾಗಿ ಖಾಲಿ ಜಾಗ ಬಿಟ್ಟವನು ಹಣದ ಚಿಂತೆ ಇಲ್ಲದವನು ಎಂದು ಓದುಗನ ಮನಸ್ಸು ಎಣಿಸುತ್ತದೆ. ಆದರೆ ಇಷ್ಟೇ ಕಾರಣವಾಗಿದ್ದರೆ ಕಥೆ ಬೇಗ ಮುಗಿಯುತ್ತಿತ್ತು. ಖಾಲಿ ಜಾಗ ಅಗ್ಗದ ಸರಕಿಗೂ ಕೆಲಸ ಮಾಡಿದ ಒಂದು ಉದಾಹರಣೆಯನ್ನು ನಮ್ಮ ವೃತ್ತಿಯವರು ಇಂದಿಗೂ ಮುಂದಿಟ್ಟುಕೊಂಡು ನೋಡುತ್ತಾರೆ.

1959ರಲ್ಲಿ ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬಾಕ್ ಸಂಸ್ಥೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಜಾಹೀರಾತಿನ ಕೆಲಸವನ್ನು ವಹಿಸಿಕೊಂಡಿತು. ಆಗಿನ ಅಮೆರಿಕದ ಕಾರಿನ ಜಾಹೀರಾತುಗಳು ಹೇಗಿದ್ದವು ಎಂಬುದನ್ನು ತಿಳಿಯದೆ ಇದರ ಸೊಗಸು ತಿಳಿಯುವುದಿಲ್ಲ. ಅವು ಬಹುಮಟ್ಟಿಗೆ ಬಣ್ಣದ ಚಿತ್ರಗಳು; ಕಲಾವಿದರು ಕಾರನ್ನು ಇರುವುದಕ್ಕಿಂತ ಉದ್ದವಾಗಿ, ಅಗಲವಾಗಿ, ನೆಲಕ್ಕೆ ಅಂಟಿಕೊಂಡಂತೆ ಬರೆದು, ಸುತ್ತ ಸುಖೀ ಸಂಸಾರಗಳನ್ನೂ ಬಂಗಲೆಗಳನ್ನೂ ತುಂಬುತ್ತಿದ್ದರು. ಕಲಾ ನಿರ್ದೇಶಕ ಹೆಲ್ಮುಟ್ ಕ್ರೋನ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ಕಪ್ಪು-ಬಿಳುಪು ಪುಟ, ಮೇಲಿನ ಮೂರನೇ ಎರಡು ಭಾಗದಲ್ಲಿ ಬರಿಯ ಬಯಲು, ಅದರ ಎಡ ಮೇಲ್ಭಾಗದಲ್ಲಿ ಬೆರಳಿನಿಂದ ಮುಚ್ಚಬಹುದಾದಷ್ಟು ಚಿಕ್ಕ ಕಾರು. ಕೆಳಗೆ ‘ಸಣ್ಣದಾಗಿ ಯೋಚಿಸಿ’ ಎಂಬರ್ಥದ ಎರಡು ಪದಗಳ ಶೀರ್ಷಿಕೆ, ಅದಕ್ಕೊಂದು ಪೂರ್ಣವಿರಾಮ, ಅದರಡಿ ಜೂಲಿಯನ್ ಕೋನಿಗ್ ಬರೆದ ಬರಹ ಮೂರು ಕಾಲಂಗಳಲ್ಲಿ. ಅಕ್ಷರಶೈಲಿಯೋ ಅಲಂಕಾರವಿಲ್ಲದ ಫ್ಯೂಚುರಾ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಮೇಲೆ ದೊಡ್ಡ ಚಿತ್ರ, ನಡುವೆ ಶೀರ್ಷಿಕೆ, ಕೆಳಗೆ ಮೂರು ಕಾಲಂ ಎಂಬ ಚೌಕಟ್ಟು ಕ್ರೋನ್ ಕಂಡುಹಿಡಿದದ್ದಲ್ಲ. ಆ ಹೊತ್ತಿಗೆ ಅದು ಸವೆದುಹೋದ ಹಳೆಯ ಚೌಕಟ್ಟು. ಅದರೊಳಗೆ ಚಿತ್ರವನ್ನು ಕುಗ್ಗಿಸಿ ಬಯಲನ್ನು ಹಿಗ್ಗಿಸಿದ್ದಷ್ಟೇ ಹೊಸತು. ಮರುವರ್ಷ ಅದೇ ಚೌಕಟ್ಟಿನಲ್ಲಿ ಕಾರನ್ನು ದೊಡ್ಡದಾಗಿ ಕೂರಿಸಿ, ಕಾರ್ಖಾನೆಯ ತಪಾಸಣೆಗಾರ ಸಣ್ಣದೊಂದು ಕಲೆ ಕಂಡು ತಿರಸ್ಕರಿಸಿದ ಕಾರಿದು ಎಂದು ಹೇಳಿದರು. ಒಂದೆರಡು ವರ್ಷಗಳಲ್ಲಿ ಓದುಗರು ಹೆಸರು ಓದುವ ಮೊದಲೇ ಇದು ಫೋಕ್ಸ್‌ವ್ಯಾಗನ್ ಎಂದು ಗುರುತಿಸುವಂತಾಯಿತು. ಖಾಲಿ ಜಾಗ ಅಲ್ಲಿ ಶ್ರೀಮಂತಿಕೆಯನ್ನು ಹೇಳಲಿಲ್ಲ, ‘ನಾವು ಬಡಾಯಿ ಕೊಚ್ಚುವುದಿಲ್ಲ’ ಎಂದು ಹೇಳಿತು. ಎಲ್ಲರೂ ಬಡಾಯಿ ಕೊಚ್ಚುತ್ತಿದ್ದ ಕಾಲದಲ್ಲಿ ಮಾತ್ರ ಕೇಳಿಸಬಹುದಾಗಿದ್ದ ಮಾತು ಅದು.

ಬಟ್ಟೆ ವ್ಯಾಪಾರಿ, ದಾವಣಗೆರೆ

ನೀವಿಬ್ಬರೂ ಕಲಿತವರು, ನಾನು ಗಲ್ಲಾದ ಕಡೆಯಿಂದ ಒಂದೆರಡು ಮಾತು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಏಜೆನ್ಸಿಯವರೊಬ್ಬರು ನಮ್ಮ ಅಂಗಡಿಗೆ ಆಷಾಢದ ಜಾಹೀರಾತೊಂದನ್ನು ಮಾಡಿ ತಂದಿದ್ದರು. ತಿಳಿ ಕೆನೆಬಣ್ಣದ ಪುಟ, ನಡುವೆ ಒಂದು ಸೀರೆ, ಕೆಳಗೆ ನಮ್ಮ ಹೆಸರು. ನೋಡಲು ಬಹಳ ಚೆನ್ನಾಗಿತ್ತು. ನಮ್ಮ ತಂದೆಯವರು ಕನ್ನಡಕ ಏರಿಸಿ ನೋಡಿ, ‘ಉಳಿದ ಸೀರೆ ಎಲ್ಲಾ ಖರ್ಚಾದವಾ?’ ಎಂದು ಕೇಳಿದರು. ಏಜೆನ್ಸಿಯವರಿಗೆ ಉತ್ತರ ಹೊಳೆಯಲಿಲ್ಲ.

ಆಷಾಢದಲ್ಲಿ ನಮ್ಮಲ್ಲಿ ಮದುವೆ ಇರುವುದಿಲ್ಲ, ವ್ಯಾಪಾರ ತಣ್ಣಗಿರುತ್ತದೆ, ಹಳೆಯ ದಾಸ್ತಾನು ಹೊರಗೆ ಹೋಗಬೇಕು. ಆಗ ಬರುವ ಗಿರಾಕಿ ಒಂದೇ ಸೀರೆಯ ಮೇಲೆ ಕಣ್ಣಿಟ್ಟುಕೊಂಡು ಬರುವವರಲ್ಲ. ‘ಅಲ್ಲಿ ರಾಶಿ ಬಿದ್ದಿದೆ, ಆರಿಸಬಹುದು, ಬೆಲೆ ಕೇಳಲು ಸಂಕೋಚ ಪಡಬೇಕಾಗಿಲ್ಲ’ ಎಂಬ ಧೈರ್ಯ ಅವರಿಗೆ ಬೇಕು. ಪುಟದಲ್ಲಿ ಇಪ್ಪತ್ತು ಸೀರೆ, ಇಪ್ಪತ್ತು ಬೆಲೆ ಒತ್ತಾಗಿ ಕಂಡರೆ ಆ ಧೈರ್ಯ ಬರುತ್ತದೆ. ಹಳ್ಳಿಯಿಂದ ಬಸ್ಸು ಹತ್ತಿ ಬರುವ ಹೆಣ್ಣುಮಗಳು ಗಾಜಿನ ಬಾಗಿಲಿನ ಮುಂದೆ ನಿಂತು, ಒಳಗೆ ಹೋದರೆ ಏನೆಂದುಕೊಳ್ಳುವರೋ ಎಂದು ಹಿಂಜರಿಯುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಖಾಲಿ ಬಿಟ್ಟ ಪುಟವೂ ಅಂಥದೊಂದು ಗಾಜಿನ ಬಾಗಿಲೇ. ಹಾಗೆಂದು ಒಂದೇ ಬಗೆಯ ಜಾಹೀರಾತನ್ನೇ ನಾವು ನೆಚ್ಚಿಕೊಂಡಿಲ್ಲ. ಮದುವೆಯ ರೇಷ್ಮೆ ಸೀರೆಗೆ ಬೇರೆ ಜಾಹೀರಾತು ಕೊಡುತ್ತೇವೆ; ಅದರಲ್ಲಿ ಎರಡೇ ಸೀರೆ ಇರುತ್ತವೆ, ಬೆಲೆ ಇರುವುದಿಲ್ಲ.

ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ವ್ಯಾಪಾರಿಗಳು ಹೇಳಿದ್ದಕ್ಕೂ ಸಂಶೋಧಕರು ಕಂಡುಕೊಂಡಿರುವುದಕ್ಕೂ ಆಶ್ಚರ್ಯವಾಗುವಷ್ಟು ಹೊಂದಿಕೆ ಇದೆ. ಪ್ರೇಸಿಯಸ್, ಓಲ್ಸೆನ್ ಮತ್ತು ಓಗಿನ್ ಎಂಬ ಮೂವರು 2006ರಲ್ಲಿ ಜರ್ನಲ್ ಆಫ್ ಕನ್ಸ್ಯೂಮರ್ ರಿಸರ್ಚ್ ಪತ್ರಿಕೆಯಲ್ಲಿ ಜಾಹೀರಾತಿನ ಖಾಲಿ ಜಾಗದ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದರು. ಉತ್ತರ ಅಮೆರಿಕದ ಗ್ರಾಹಕರು ಖಾಲಿ ಜಾಗವಿರುವ ಜಾಹೀರಾತನ್ನು ಕಂಡಾಗ ಆ ಬ್ರ್ಯಾಂಡಿಗೆ ಗುಣಮಟ್ಟ, ಪ್ರತಿಷ್ಠೆ, ವಿಶ್ವಾಸಾರ್ಹತೆಯನ್ನು ಹೆಚ್ಚಾಗಿ ಆರೋಪಿಸುತ್ತಾರೆ ಎಂಬುದು ಅವರು ಕಂಡದ್ದು. ಆದರೆ ಪ್ರಬಂಧದ ತಿರುಳು ಅದಲ್ಲ. ಈ ಅರ್ಥ ಕಣ್ಣಿನ ಸ್ವಭಾವದಲ್ಲಿ ಹುಟ್ಟಿದ್ದಲ್ಲ, ಇಪ್ಪತ್ತನೆಯ ಶತಮಾನದ ನಡುವಿನ ಕಲೆ, ವಾಸ್ತುಶಿಲ್ಪ ಮತ್ತು ದೊಡ್ಡ ಕಂಪನಿಗಳ ಅಭಿರುಚಿ ಒಂದಕ್ಕೊಂದು ಬೆರೆತ ಒಂದು ನಿರ್ದಿಷ್ಟ ಚರಿತ್ರೆಯಲ್ಲಿ ಹುಟ್ಟಿ, ಜಾಹೀರಾತುಗಾರರೂ ಓದುಗರೂ ಒಟ್ಟಿಗೆ ಕಲಿತುಕೊಂಡ ರೂಢಿ ಎಂಬುದನ್ನು ಅವರು ತೋರಿಸಲು ಹೊರಟಿದ್ದರು. ರೂಢಿಯಾದ್ದರಿಂದಲೇ ಅದನ್ನು ಕಲಿಯದ ಊರಿನಲ್ಲಿ ಅಥವಾ ಬೇರೆ ರೂಢಿ ಬಲವಾಗಿರುವ ಪೇಟೆಯಲ್ಲಿ ಅದೇ ಖಾಲಿ ಜಾಗ ‘ಸರಕಿಲ್ಲ’ ಎಂದೂ ಅರ್ಥ ಕೊಡಬಹುದು. ದಾವಣಗೆರೆಯ ಹಿರಿಯರು ಕೇಳಿದ್ದು ಸರಿಯಾಗಿ ಅದನ್ನೇ.

ಕಣ್ಣಿನ ಓಟವನ್ನು ಅಳೆದವರೂ ಇದ್ದಾರೆ. ಪೀಟರ್ಸ್ ಮತ್ತು ವೆಡೆಲ್ ಎಂಬಿಬ್ಬರು 1,363 ಮುದ್ರಿತ ಜಾಹೀರಾತುಗಳನ್ನು 3,600ಕ್ಕೂ ಹೆಚ್ಚು ಜನರಿಗೆ ತೋರಿಸಿ ಕಣ್ಣಿನ ಚಲನೆ ದಾಖಲಿಸಿದ ಅಧ್ಯಯನ 2004ರಲ್ಲಿ ಬಂತು. ಚಿತ್ರ ಎಷ್ಟೇ ಚಿಕ್ಕದಿರಲಿ ದೊಡ್ಡದಿರಲಿ, ಗಮನ ಸೆಳೆಯುವುದರಲ್ಲಿ ಅದೇ ಮುಂದು. ಅಕ್ಷರಗಳ ವಿಷಯ ಹಾಗಲ್ಲ; ಅವು ಆಕ್ರಮಿಸಿದ ಜಾಗ ಹೆಚ್ಚಿದಷ್ಟೂ ಅವಕ್ಕೆ ಸಿಗುವ ಗಮನ ಹೆಚ್ಚುತ್ತದೆ. ಬೀಟಲ್ ಕಾರು ಅಷ್ಟು ಚಿಕ್ಕದಾಗಿದ್ದೂ ಕಣ್ಣಿಗೆ ಬಿದ್ದದ್ದು ಏಕೆ, ಸೀರೆ ಅಂಗಡಿಯವರು ಬೆಲೆಯನ್ನು ಅಷ್ಟು ದಪ್ಪಕ್ಷರದಲ್ಲಿ ಹಾಕುವುದು ಏಕೆ ಎಂಬೆರಡೂ ಇದರಿಂದ ಅರ್ಥವಾಗುತ್ತವೆ.

ಇನ್ನೊಂದು, ಕೇಳಿದರೆ ನಗು ಬರಬಹುದು. ಪೊಟ್ಟಣದ ಮೇಲೆ ಬಿಸ್ಕತ್ತಿನ ಚಿತ್ರವನ್ನು ಕೆಳಗಡೆ ಅಥವಾ ಬಲಗಡೆ ಇಟ್ಟರೆ ಜನ ಆ ಪೊಟ್ಟಣ ಹೆಚ್ಚು ತೂಕವಿದೆ ಎಂದು ಭಾವಿಸುತ್ತಾರೆ ಎಂದು ಡೆಂಗ್ ಮತ್ತು ಕಾನ್ ಎಂಬವರು 2009ರಲ್ಲಿ ತೋರಿಸಿದ್ದಾರೆ. ತುಂಬಿರಬೇಕು ಎನ್ನಿಸುವ ತಿನಿಸಿಗೆ ಅದು ಒಳ್ಳೆಯದು, ಆರೋಗ್ಯದ ಹೆಸರಿನಲ್ಲಿ ಮಾರುವ ತಿನಿಸಿಗೆ ಅಲ್ಲ.

ಲೆಕ್ಕಪರಿಶೋಧಕ, ಮಂಗಳೂರು

ಇದೆಲ್ಲ ಓದಲು ಸ್ವಾರಸ್ಯವಾಗಿದೆ, ಆದರೆ ವಿನ್ಯಾಸಕ್ಕೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚು ಶ್ರೇಯ ಸಲ್ಲುತ್ತಿದೆಯೇನೋ ಎಂಬ ಅನುಮಾನ ನನ್ನದು. ಆ ಪ್ರಸಿದ್ಧ ಜಾಹೀರಾತು ಬರುವ ಮುಂಚೆಯೇ ಅಮೆರಿಕದಲ್ಲಿ ಬೀಟಲ್ ಕಾರಿನ ಮಾರಾಟ ಏರುತ್ತಲೇ ಇತ್ತು. ಕಾರು ಅಗ್ಗವಾಗಿತ್ತು, ಪೆಟ್ರೋಲ್ ಕಡಿಮೆ ಕುಡಿಯುತ್ತಿತ್ತು. ಒಳ್ಳೆಯ ಸರಕಿಗೆ ಒಳ್ಳೆಯ ಜಾಹೀರಾತು ಜೊತೆಯಾದರೆ ಗೆದ್ದದ್ದು ಯಾವುದು ಎಂದು ಬೇರ್ಪಡಿಸುವುದು ಹೇಗೆ? ಸರಕು ಅದೇ ಇದ್ದು, ಬೆಲೆ ಅದೇ ಇದ್ದು, ವಿನ್ಯಾಸವೊಂದೇ ಬದಲಾಗಿ, ಜನರ ಅಭಿಪ್ರಾಯ ಬದಲಾದ ಉದಾಹರಣೆ ಇದ್ದರೆ ಹೇಳಿ, ಒಪ್ಪುತ್ತೇನೆ.

ನ್ಯೂಜೆರ್ಸಿಯ ಕನ್ನಡಿಗ

ನೀವು ಕೇಳಿದಂಥದೇ ಉದಾಹರಣೆ ಇಲ್ಲಿ ನಡೆದಿದೆ. ಆಗ ಪೆಪ್ಸಿಕೋ ಒಡೆತನದಲ್ಲಿದ್ದ ಟ್ರಾಪಿಕಾನಾ ಕಿತ್ತಳೆ ರಸದ ಪೆಟ್ಟಿಗೆಯ ಮೇಲೆ ಕಿತ್ತಳೆ ಹಣ್ಣಿಗೆ ನೇರವಾಗಿ ಚುಚ್ಚಿದ ಸ್ಟ್ರಾ ಚಿತ್ರವೊಂದು ಬಹುಕಾಲದಿಂದ ಇತ್ತು. 2009ರ ಜನವರಿಯಲ್ಲಿ ಅದನ್ನು ತೆಗೆದು, ಗಾಜಿನ ಲೋಟದಲ್ಲಿ ತುಂಬಿದ ರಸದ ಚಿತ್ರವನ್ನು ದೊಡ್ಡದಾಗಿ ಹಾಕಿ, ಬ್ರ್ಯಾಂಡಿನ ಹೆಸರನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿ, ತೆಳು ಅಕ್ಷರದಲ್ಲಿ ಬರೆದರು. ವಿನ್ಯಾಸದ ಪಠ್ಯಗಳು ಮೆಚ್ಚುವಂಥ ಸ್ವಚ್ಛ, ಆಧುನಿಕ ಪೆಟ್ಟಿಗೆ. ರಸ ಹಳೆಯದೇ. ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇ 20ರಷ್ಟು ಕುಸಿಯಿತು; ಫೆಬ್ರುವರಿ ಮುಗಿಯುವ ಮೊದಲೇ ಕಂಪನಿ ಹಳೆಯ ಪೆಟ್ಟಿಗೆಗೆ ಮರಳುವುದಾಗಿ ಪ್ರಕಟಿಸಿತು. ಅಂಗಡಿಯ ಸ್ವಂತ ಹೆಸರಿನಲ್ಲಿ ಮಾರುವ ಅಗ್ಗದ ರಸದಂತೆ ಕಾಣುತ್ತಿದೆ ಎಂಬುದು ಗ್ರಾಹಕರ ಮುಖ್ಯ ದೂರಾಗಿತ್ತು. ಬಿಳಿ ಜಾಗ ಇಲ್ಲಿ ಪ್ರತಿಷ್ಠೆಯನ್ನು ತರಲಿಲ್ಲ, ಕಳೆಯಿತು. ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಬೋಳು ಪೊಟ್ಟಣವೆಂದರೆ ಅಗ್ಗದ ಸರಕು ಎಂಬ ರೂಢಿ ಮೊದಲೇ ಇದ್ದದ್ದು ಅದಕ್ಕೆ ಕಾರಣ.

ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಲೆಕ್ಕಪರಿಶೋಧಕರು ಕೇಳಿದ್ದಕ್ಕೆ ಇನ್ನೂ ಗಟ್ಟಿಯಾದ ಸಾಕ್ಷ್ಯ ಆಸ್ಟ್ರೇಲಿಯಾದಲ್ಲಿದೆ. 2012ರ ಡಿಸೆಂಬರಿನಿಂದ ಅಲ್ಲಿ ಎಲ್ಲ ಸಿಗರೇಟು ಪೊಟ್ಟಣಗಳಿಗೂ ಒಂದೇ ಮಾಸಲು ಕಂದುಬಣ್ಣ. ಬ್ರ್ಯಾಂಡಿನ ಹೆಸರು ಒಂದೇ ಅಕ್ಷರಶೈಲಿಯಲ್ಲಿ, ಒಂದೇ ಅಳತೆಯಲ್ಲಿ, ಒಂದೇ ಜಾಗದಲ್ಲಿರಬೇಕು. ಉಳಿದ ಜಾಗದ ಬಹುಭಾಗ ಎಚ್ಚರಿಕೆಯ ಚಿತ್ರಕ್ಕೆ ಮೀಸಲು. ವಿನ್ಯಾಸದ ಸ್ವಾತಂತ್ರ್ಯವನ್ನೆಲ್ಲ ಕಾನೂನೇ ಕಿತ್ತುಕೊಂಡ ಪ್ರಯೋಗವಿದು. ಹಳೆಯ ಮತ್ತು ಹೊಸ ಪೊಟ್ಟಣಗಳು ಎರಡೂ ಅಂಗಡಿಯಲ್ಲಿದ್ದ ಆ ಸಂಧಿಕಾಲದಲ್ಲಿ ವಿಕ್ಟೋರಿಯಾ ರಾಜ್ಯದ ಧೂಮಪಾನಿಗಳನ್ನು ಸಂದರ್ಶಿಸಿದ ಅಧ್ಯಯನವೊಂದರಲ್ಲಿ, ಬೋಳು ಪೊಟ್ಟಣದಿಂದ ಸೇದುತ್ತಿದ್ದವರು ತಮ್ಮ ಸಿಗರೇಟಿನ ಗುಣಮಟ್ಟ ಹಿಂದಿನ ವರ್ಷಕ್ಕಿಂತ ಇಳಿದಿದೆ, ಮೊದಲಿನ ತೃಪ್ತಿ ಇಲ್ಲ ಎಂದು ಉಳಿದವರಿಗಿಂತ ಹೆಚ್ಚಾಗಿ ಹೇಳಿದರು. ನಮ್ಮ ದೇಶದಲ್ಲಿ ಬಣ್ಣ, ಅಕ್ಷರಶೈಲಿ ಕಂಪನಿಗೇ ಬಿಟ್ಟದ್ದು. ಆದರೆ 2016ರ ಏಪ್ರಿಲಿನಿಂದ ಪೊಟ್ಟಣದ ಎರಡೂ ಮುಖ್ಯ ಬದಿಗಳ ಶೇ 85ರಷ್ಟು ಭಾಗವನ್ನು ಎಚ್ಚರಿಕೆಗೆ ಬಿಡಬೇಕು.

ಲೆಕ್ಕಪರಿಶೋಧಕ, ಮಂಗಳೂರು

ಆಸ್ಟ್ರೇಲಿಯಾದ ಉದಾಹರಣೆಯನ್ನು ಒಪ್ಪಿದೆ. ಟ್ರಾಪಿಕಾನಾದ್ದನ್ನು ಅರ್ಧ ಒಪ್ಪುತ್ತೇನೆ. ಹಳೆಯ ಗುರುತು ಸಿಗದೆ ಕೈ ಪಕ್ಕದ ಪೆಟ್ಟಿಗೆಗೆ ಹೋದವರೂ ಆ ಶೇ 20ರಲ್ಲಿ ಇದ್ದಿರಬಹುದು.

ಪುಟವಿನ್ಯಾಸಕ, ಬೆಂಗಳೂರು

ಗುರುತಿನ ಮಾತು ಬಂತಲ್ಲ, ಅದು ಬಹಳ ಮುಖ್ಯ. ನಮ್ಮ ದೇಶದಲ್ಲಿ ಅದಕ್ಕೆ ಮಾದರಿ ಅಮುಲ್ ಬೆಣ್ಣೆಯ ಹೋರ್ಡಿಂಗು. ಸಿಲ್ವೆಸ್ಟರ್ ಡಕುನ್ಹಾ ಮತ್ತು ಕಲಾ ನಿರ್ದೇಶಕ ಯೂಸ್ಟೇಸ್ ಫರ್ನಾಂಡಿಸ್ 1966ರಲ್ಲಿ ರೂಪಿಸಿದ ಆ ಹುಡುಗಿಯನ್ನು ಒಂದು ಸರಳ ಹಿನ್ನೆಲೆಯ ಮುಂದೆ ನಿಲ್ಲಿಸಿ, ಮೇಲೊಂದು ಚಟಾಕಿ, ಕೆಳಗೊಂದು ಸಾಲು ಹಾಕುವ ಪದ್ಧತಿ ಇವತ್ತಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ. ಸುದ್ದಿ ದಿನಕ್ಕೊಂದು ಬದಲಾದರೂ ಚೌಕಟ್ಟು ಬದಲಾಗದ್ದರಿಂದ ಬಸ್ಸಿನ ಕಿಟಕಿಯಿಂದ ಕ್ಷಣಕಾಲ ಕಂಡರೂ ಸಾಕು. ನಮ್ಮ ಮೈಸೂರು ಸ್ಯಾಂಡಲ್ ಸಾಬೂನಿನದು ಇನ್ನೂ ಹಳೆಯ ಕಥೆ. 1916ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಾರ್ಖಾನೆಯ ಆ ಸಾಬೂನಿನ ಅಂಡಾಕಾರ, ಒಡವೆಯ ಡಬ್ಬಿಯನ್ನು ನೆನಪಿಸುವ ಹೂಬಳ್ಳಿಯ ಪೆಟ್ಟಿಗೆ, ಶರಭದ ಲಾಂಛನ, ಇವುಗಳಲ್ಲಿ ಖಾಲಿ ಜಾಗಕ್ಕೆ ಎಡೆಯೇ ಇಲ್ಲ. ಆದರೂ ಅದು ಅಗ್ಗದ ಸರಕೆಂದು ಯಾರಿಗೂ ಅನ್ನಿಸಿಲ್ಲ. ತುಂಬಿದ ಪುಟವೆಂದರೆ ಅಗ್ಗ ಎಂಬ ಸೂತ್ರ ಅಲ್ಲಿ ಮುರಿದುಬೀಳುತ್ತದೆ. ಬಳ್ಳಿ, ಅಂಚು, ನಡುವೆ ಲಾಂಛನ ಎಂಬ ಜೋಡಣೆಯನ್ನು ನಾವು ಸೀರೆಯ ಸೆರಗಿನಲ್ಲೂ ಮದುವೆಯ ಕರೆಯೋಲೆಯಲ್ಲೂ ಕಂಡವರು. ನಮ್ಮ ಕಣ್ಣಿಗೆ ಅದು ಸಂಭ್ರಮದ ವಿನ್ಯಾಸ. ಬೆಲೆಗಳಿಂದ ತುಂಬಿದ ಪುಟ ಬೇರೆ, ಕುಸುರಿಯಿಂದ ತುಂಬಿದ ಪುಟ ಬೇರೆ.

ನನ್ನ ಕೆಲಸಕ್ಕೆ ಸಂಬಂಧಿಸಿದ ಇನ್ನೊಂದು ತೊಡಕನ್ನೂ ಹೇಳಬೇಕು. ದೊಡ್ಡ ಬ್ರ್ಯಾಂಡುಗಳ ಜಾಹೀರಾತು ಮೊದಲು ಇಂಗ್ಲಿಷಿನಲ್ಲಿ ತಯಾರಾಗುತ್ತದೆ. ಕನ್ನಡಕ್ಕೆ ಬರುವುದು ಕೊನೆಯ ಗಳಿಗೆಯಲ್ಲಿ ಮಾಡುವ ಅಡಾಪ್ಟೇಶನ್ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಬಿಟ್ಟ ಪಟ್ಟಿಯೊಳಗೆ ಕನ್ನಡವನ್ನು ಕೂರಿಸಬೇಕು. ನಮ್ಮಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ, ಪದಗಳು ಉದ್ದ. ಸಾಲುಗಳ ನಡುವೆ ಹೆಚ್ಚು ಅಂತರ ಕೊಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಜಾಗ ಸಾಲದೆ ಅಕ್ಷರವನ್ನು ಅಡ್ಡಡ್ಡ ಹಿಂಡುತ್ತಾರೆ. ದುಂಡಗಿನ ಕನ್ನಡ ಅಕ್ಷರವನ್ನು ಹಿಂಡಿದರೆ ಅದರ ಚೆಲುವೇ ಹೋಗುತ್ತದೆ. ಹೀಗಾಗಿ ಇಂಗ್ಲಿಷ್ ಪತ್ರಿಕೆಯಲ್ಲಿ ಗಂಭೀರವಾಗಿ ಕಾಣುವ ಬ್ಯಾಂಕೊಂದು ಕನ್ನಡ ಪತ್ರಿಕೆಯಲ್ಲಿ ಅವಸರದ ಕರಪತ್ರದಂತೆ ಕಾಣುತ್ತದೆ. ಓದುಗರಿಗೆ ಕಾರಣ ತಿಳಿಯದೆ ಹೋಗಬಹುದು. ‘ಇವರು ನಮ್ಮನ್ನು ಎರಡನೆಯ ಸಾಲಿನಲ್ಲಿ ಕೂರಿಸಿದ್ದಾರೆ’ ಎಂಬ ಭಾವನೆ ಮಾತ್ರ ಉಳಿಯುತ್ತದೆ.

ಅಧ್ಯಾಪಕಿ, ಮೈಸೂರು

ಇದೇ ಮಾತು ನಾಮಫಲಕಗಳಿಗೂ ಅನ್ವಯಿಸುತ್ತದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ವಾಣಿಜ್ಯ ಮಳಿಗೆಗಳ ಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು. ಭಾಷೆಯ ಸ್ಥಾನಮಾನವನ್ನು ಕಾನೂನು ಇಲ್ಲಿ ವಿನ್ಯಾಸದ ಮಾತಿನಲ್ಲೇ, ಅಳತೆ ಮತ್ತು ಜಾಗದ ಲೆಕ್ಕದಲ್ಲಿ ಹೇಳಿದೆ ಎಂಬುದು ನನಗೆ ಬಹಳ ಕುತೂಹಲದ ಸಂಗತಿ. ಆದರೆ ಬೆಂಗಳೂರಿನ ಬೀದಿಗಳಲ್ಲಿ ಎರಡು ಬಗೆ ಕಾಣುತ್ತದೆ. ಕೆಲವರು ತಮ್ಮ ಲೋಗೊದ ಅಕ್ಷರಗಳ ತಿರುವುಗಳನ್ನು ಅಭ್ಯಸಿಸಿ ಕನ್ನಡದ ಹೆಸರನ್ನು ಹೊಸದಾಗಿ ಬರೆಸಿದ್ದಾರೆ. ಕೆಲವರು ಕಂಪ್ಯೂಟರಿನಲ್ಲಿ ಮೊದಲು ಸಿಕ್ಕ ಅಕ್ಷರದಲ್ಲಿ ಹೆಸರನ್ನು ಮೂಡಿಸಿ ಮೇಲೆ ಅಂಟಿಸಿದ್ದಾರೆ. ಅಳತೆಯ ಲೆಕ್ಕದಲ್ಲಿ ಇಬ್ಬರೂ ಕಾನೂನು ಪಾಲಿಸಿದವರೇ. ನೋಡುವವರ ಮನಸ್ಸಿನಲ್ಲಿ ಮಾತ್ರ ಮೊದಲನೆಯವರು ಈ ಊರಿನವರಾಗುತ್ತಾರೆ, ಎರಡನೆಯವರು ದಂಡಕ್ಕೆ ಹೆದರಿದವರಾಗುತ್ತಾರೆ.

ವ್ಯಾಪಾರಿಗಳಿಗೆ ಒಂದು ಪ್ರಶ್ನೆ: ‘ಶೇ 50 ರಿಯಾಯಿತಿ’ ಎಂಬುದು ಅಂಗೈಯಷ್ಟು ದೊಡ್ಡದಾಗಿ, ‘ವರೆಗೆ’ ಎಂಬುದು ಸಾಸಿವೆಯಷ್ಟಾಗಿ ಇರುತ್ತದಲ್ಲ, ಅದನ್ನು ಹೇಗೆ ಸಮರ್ಥಿಸುತ್ತೀರಿ?

ಬಟ್ಟೆ ವ್ಯಾಪಾರಿ, ದಾವಣಗೆರೆ

ಸಮರ್ಥಿಸುವುದಿಲ್ಲ, ಮೇಡಂ. ಹಾಗೆ ಹಾಕಿದವರ ಅಂಗಡಿಗೆ ಬಂದ ಗಿರಾಕಿ ಬಿಲ್ ಮಾಡುವಾಗ ಜಗಳವಾಡಿಯೇ ಹೋಗುತ್ತಾರೆ. ಅವರು ಮರುವರ್ಷ ಬರುವುದಿಲ್ಲ. ನಮ್ಮಲ್ಲಿ ಯಾವ ಕೌಂಟರಿಗೆ ಎಷ್ಟು ರಿಯಾಯಿತಿ ಎಂಬುದನ್ನು ಬೇರೆ ಬೇರೆಯಾಗಿ ಹಾಕುತ್ತೇವೆ. ಪುಟ ಇನ್ನಷ್ಟು ತುಂಬುತ್ತದೆ, ನಿಜ.

ಲೆಕ್ಕಪರಿಶೋಧಕ, ಮಂಗಳೂರು

ಅದಕ್ಕೆ ನಿಯಮವೂ ಇದೆ. ದಾರಿ ತಪ್ಪಿಸುವ ಜಾಹೀರಾತುಗಳ ತಡೆಗಾಗಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನ ಮುಖ್ಯ ಹೇಳಿಕೆ ಯಾವ ಭಾಷೆಯಲ್ಲಿ, ಯಾವ ಅಕ್ಷರಶೈಲಿಯಲ್ಲಿ ಇದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರಶೈಲಿಯಲ್ಲಿ, ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು. ಕನ್ನಡದ ಜಾಹೀರಾತಿನಡಿಯಲ್ಲಿ ಷರತ್ತುಗಳನ್ನು ಇಂಗ್ಲಿಷಿನಲ್ಲಿ ಹಾಕುವ ಅಭ್ಯಾಸ ಮಾತ್ರ ಇನ್ನೂ ಹೋಗಿಲ್ಲ.

ಅಧ್ಯಾಪಕಿ, ಮೈಸೂರು

ಹಾಗಾದರೆ ಈ ಸಲ ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸುವ ಆಲೋಚನೆ ಇದೆ. ಒಂದೇ ಸೀರೆ, ಒಂದೇ ಅಂಗಡಿಯ ಹೆಸರು, ಒಂದೇ ಬರಹ. ಒಂದು ಪುಟ ಆಭರಣ ಮಳಿಗೆಯ ಶೈಲಿಯಲ್ಲಿ, ಇನ್ನೊಂದು ಆಷಾಢದ ಶೈಲಿಯಲ್ಲಿ. ಎರಡು ಗುಂಪುಗಳಿಗೆ ಒಂದೊಂದನ್ನು ಕೊಟ್ಟು ಸೀರೆಯ ಬೆಲೆ ಊಹಿಸಲು ಹೇಳುತ್ತೇನೆ.

ಪುಟವಿನ್ಯಾಸಕ, ಬೆಂಗಳೂರು

ಸೀರೆಯ ಚಿತ್ರದ ಅಳತೆಯೂ ಅಕ್ಷರಶೈಲಿಯೂ ಎರಡರಲ್ಲಿ ಒಂದೇ ಇರಲಿ, ಮೇಡಂ; ಇಲ್ಲವಾದರೆ ವ್ಯತ್ಯಾಸ ಕಂಡದ್ದು ಜಾಗದಿಂದಲೋ ಅಳತೆಯಿಂದಲೋ ಎಂದು ಲೆಕ್ಕಪರಿಶೋಧಕರು ಕೇಳಿಯೇ ಕೇಳುತ್ತಾರೆ. ಹಿನ್ನೆಲೆಯ ಬಣ್ಣವನ್ನೂ ಬದಲಿಸಬೇಡಿ.

ಬಟ್ಟೆ ವ್ಯಾಪಾರಿ, ದಾವಣಗೆರೆ

ಬೆಲೆಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: ‘ಈ ಅಂಗಡಿಯಲ್ಲಿ ಏನೂ ಕೊಳ್ಳದೆ ಹೊರಗೆ ಬರಲು ನಿಮಗೆ ಸಂಕೋಚವಾಗುತ್ತದೆಯೇ?’ ಸೀರೆಯ ಚಿತ್ರ ನಮ್ಮದೇ ಇದೆ, ಬೇಕಾದರೆ ಕಳಿಸುತ್ತೇನೆ.